ಸೈಟು ಬ್ರೋಕರ್ ಒಬ್ಬರು ಕ್ಲೈಂಟ್ ಆಗಿ ಸಿಕ್ಕಿದ್ದಾರೆ, ಆನ್‌ಲೈನ್ ಮಾರ್ಕೆಟಿಂಗ್‌ನಲ್ಲಿ ಏನೇನು ಮಾಡಿಕೊಡಲಿ?

ಸರಸ್ವತಿಪುರಂ_ಹುಡುಗ
ಜೂನ್ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ಎರಡು ವರ್ಷದಿಂದ ಸಣ್ಣಪುಟ್ಟ ಅಂಗಡಿಗಳ ಆನ್‌ಲೈನ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಎರಡು ಬೇಕರಿ, ಒಂದು ಜಿಮ್, ಒಬ್ಬರು ಹಲ್ಲಿನ ಡಾಕ್ಟರು. ಈಗ ಮೊದಲ ಸಲ ರಿಯಲ್ ಎಸ್ಟೇಟ್ ಏಜೆಂಟ್ ಒಬ್ಬರು ಸಿಕ್ಕಿದ್ದಾರೆ.

ವಯಸ್ಸು ಐವತ್ತರ ಮೇಲೆ. ದಟ್ಟಗಳ್ಳಿ, ಬೋಗಾದಿ, ಶ್ರೀರಾಂಪುರ ಕಡೆ ಹದಿನೆಂಟು ವರ್ಷದಿಂದ ಇದೇ ಕೆಲಸ. ಜಾಸ್ತಿ 30-40 ಅಡಿ ಅಳತೆಯ ಸೈಟುಗಳ ರೀಸೇಲ್. ಆಗಾಗ ಹಳೇ ಮನೆ. ಬಾಡಿಗೆ ಮನೆ ಅಪರೂಪ. ಇಲವಾಲದ ಕಡೆ ಹೊಸ ಲೇಔಟ್ ಮಾಡುತ್ತಿರುವವರು "ನಮ್ಮ ಸೈಟೂ ಮಾರಿಸಿಕೊಡಿ" ಅಂತ ಕೇಳಿದ್ದಾರಂತೆ. ಆಫೀಸು ಅಂದರೆ ಮನೆಯ ಮುಂದಿನ ಕೋಣೆ. ಸಹಾಯಕ್ಕೆ ಸ್ಕೂಟರ್ ಇರುವ ಒಬ್ಬ ಹುಡುಗ.

"ವೆಬ್‌ಸೈಟು, ಫೇಸ್‌ಬುಕ್ಕು, ಯೂಟ್ಯೂಬು ಎಲ್ಲಾ ಮಾಡಿಕೊಡಪ್ಪ, ತಿಂಗಳಿಗೆ ಇಪ್ಪತ್ತೈದು ಸಾವಿರದ ಮೇಲೆ ಒಂದು ರೂಪಾಯಿ ಆಗಬಾರದು" ಅಂದರು. ಜಾಹೀರಾತಿನ ದುಡ್ಡೂ ಅದರಲ್ಲೇ.

ನಾನು ಹಾಕಿಕೊಂಡ ಪ್ಯಾಕೇಜ್ ಇದು: ಐದು ಪುಟದ ವೆಬ್‌ಸೈಟು, ತಿಂಗಳಿಗೆ 12 ಪೋಸ್ಟರು, 4 ರೀಲ್ಸ್, ಹಬ್ಬಗಳ ಶುಭಾಶಯ, ಎಸ್‌ಇಒ (ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಹಾಗೆ ಮಾಡುವ ಕೆಲಸ), ಫೇಸ್‌ಬುಕ್ ಆ್ಯಡ್. ಸರಿ ಇದೆಯಾ? ಈ ಲೈನಿನಲ್ಲಿ ಕೆಲಸ ಮಾಡಿದವರು ಹೇಳಿ.


ಹಳೇ_ಬ್ರೋಕರ್
ಜೂನ್ 12, ರಾತ್ರಿ 10:25

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ಬಿಟ್ಟವನು ನಾನು. ತಮ್ಮಾ, ಪ್ಯಾಕೇಜು ಪಕ್ಕಕ್ಕಿಡು. ಮೊದಲು ಅವರ ಫೋನ್ ಇಸ್ಕೊಂಡು ಕಾಂಟ್ಯಾಕ್ಟ್ಸ್ ತೆಗೆದು ನೋಡು.

ನನ್ನ ಫೋನಿನಲ್ಲಿ ಹೆಸರುಗಳು ಹೀಗಿದ್ದವು: "ರಾಜಾಜಿನಗರ ಪಾರ್ಟಿ 2", "ಕಾರ್ನರ್ ಸೈಟು ಮೇಷ್ಟ್ರು", "ಲೋನ್ ಆಗಿಲ್ಲ ಮೇಡಂ", "ಪೂರ್ವ ಮಾತ್ರ". ಆರು ತಿಂಗಳಾದ ಮೇಲೆ "ಪೂರ್ವ ಮಾತ್ರ" ಅಂದರೆ ಯಾರು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಅವರ ಗೃಹಪ್ರವೇಶದ ಕಾರ್ಡು ಬಂದಾಗ ನೆನಪಾಯಿತು. ಪೂರ್ವ ದಿಕ್ಕಿನ ಸೈಟು ಬೇರೆ ಬ್ರೋಕರ್ ಕೊಡಿಸಿದ್ದ. ಊಟಕ್ಕೆ ಮಾತ್ರ ನನ್ನನ್ನು ಕರೆದಿದ್ದರು.

ಹದಿನೆಂಟು ವರ್ಷದವರು ಅಂದರೆ ಸೈಟು ಕೊಂಡವರು, ಮಾರಿದವರು, ಸುಮ್ನೆ ನೋಡಿಕೊಂಡು ಹೋದವರು ಅಂತ ಫೋನು, ಡೈರಿ ತುಂಬಾ ಜನ ಇರುತ್ತಾರೆ. ಅಷ್ಟೂ ಜನರನ್ನು ಒಂದು ಗೂಗಲ್ ಶೀಟಿಗೆ ತಾ. ಹೆಸರು, ಯಾವ ಏರಿಯಾ, ಯಾವ ಅಳತೆ, ಬಜೆಟ್ಟು, ಕೊನೆಗೆ ಮಾತಾಡಿದ್ದು ಯಾವತ್ತು, ಮತ್ತೆ ಫೋನ್ ಮಾಡಬೇಕಾದ್ದು ಯಾವತ್ತು. ಮೊದಲ ತಿಂಗಳ ದುಡ್ಡು ಇದಕ್ಕೇ ತಗೋ. ಹತ್ತು ವರ್ಷದ ಹಿಂದೆ ಸೈಟು ಕೊಂಡವರು ಇವತ್ತು ಮಗಳ ಮದುವೆಗೆ ಅಂತ ಮಾರುತ್ತಿರಬಹುದು. ಆ ಸೈಟು ಬೇರೆಯವರ ಕೈಗೆ ಹೋಗುವ ಮೊದಲು ನಿಮ್ಮ ಕ್ಲೈಂಟಿಗೆ ಗೊತ್ತಾಗಬೇಕಲ್ವಾ?


ಕ್ಲಿಕ್_ಲೆಕ್ಕ
ಜೂನ್ 12, ರಾತ್ರಿ 11:08

ಮೇಲಿನವರ ಮಾತಿಗೆ ನನ್ನದೂ ಒಂದು ವೋಟು. ನಾನು ಜಾಹೀರಾತು ಓಡಿಸುವವಳು. ಹಾಗಾಗಿ ನನ್ನ ಹೊಟ್ಟೆಪಾಡಿನ ವಿರುದ್ಧವೇ ಮಾತಾಡುತ್ತಿದ್ದೇನೆ ಅಂದುಕೊಳ್ಳಿ.

ಯಲಹಂಕ ಕಡೆಯ ಒಬ್ಬರು ಏಜೆಂಟರಿಗೆ ಫೇಸ್‌ಬುಕ್‌ನಲ್ಲಿ ಲೀಡ್ ಫಾರ್ಮ್ (ಆಸಕ್ತಿ ಇರುವವರು ಹೆಸರು, ನಂಬರು ಕೊಡುವ ಫಾರ್ಮ್) ಹಾಕಿದ್ದೆ. ಹತ್ತು ದಿನಕ್ಕೆ 63 ಹೆಸರು. ಖುಷಿಯಲ್ಲಿ ಸ್ಕ್ರೀನ್‌ಶಾಟ್ ಕಳಿಸಿದೆ. ಮುಂದಿನ ವಾರ "ಎಲ್ಲಾ ವೇಸ್ಟು ಮೇಡಂ, ಒಬ್ಬರೂ ಫೋನ್ ಎತ್ತಲ್ಲ" ಅಂದರು. ಹೋಗಿ ಪಕ್ಕದಲ್ಲಿ ಕೂತು ಅವರ ಕಾಲ್ ಲಾಗ್ ನೋಡಿದೆ. ಶುಕ್ರವಾರ ಸಂಜೆ ಬಂದ ಹೆಸರಿಗೆ ಮಂಗಳವಾರ ಮಧ್ಯಾಹ್ನ ಫೋನ್ ಹೋಗಿದೆ. ಅಷ್ಟರಲ್ಲಿ ಆ ಪುಣ್ಯಾತ್ಮರಿಗೆ ಫಾರ್ಮ್ ತುಂಬಿದ್ದೇ ಮರೆತುಹೋಗಿದೆ.

ಫಾರ್ಮಿನದೂ ತಪ್ಪಿದೆ. ಹೆಸರು, ನಂಬರು ಎರಡನ್ನೂ ಫೇಸ್‌ಬುಕ್ಕೇ ತುಂಬಿಕೊಡುತ್ತದೆ. ಬೆರಳು ಜಾರಿದರೂ ಸಾಕು, ಲೀಡ್ ಆಯಿತು. ಸೆಟ್ಟಿಂಗ್‌ನಲ್ಲಿ "ಮೋರ್ ವಾಲ್ಯೂಮ್" ಅಂತ ಒಂದು, "ಹೈಯರ್ ಇಂಟೆಂಟ್" ಅಂತ ಇನ್ನೊಂದು ಇರುತ್ತದೆ. ಎರಡನೆಯದನ್ನು ಆರಿಸಿದರೆ ಕಳಿಸುವ ಮೊದಲು ಇನ್ನೊಮ್ಮೆ ಖಚಿತಪಡಿಸಲು ಕೇಳುತ್ತದೆ. ಹೆಸರು ಕಮ್ಮಿ ಬರುತ್ತವೆ, ಬಂದವು ಮಾತಾಡುತ್ತವೆ. ಜೊತೆಗೆ ಕೈಯಾರೆ ಟೈಪ್ ಮಾಡಬೇಕಾದ ಒಂದು ಪ್ರಶ್ನೆ ಸೇರಿಸಿ. "ಯಾವ ಏರಿಯಾದಲ್ಲಿ ಹುಡುಕುತ್ತಿದ್ದೀರಿ?" ಅಂದರೆ ಸಾಕು. ಬೆರಳು ಜಾರಿದವರು ಅಲ್ಲೇ ನಿಲ್ಲುತ್ತಾರೆ.

ಒಬ್ಬರೇ ಓಡಾಡುವ ಏಜೆಂಟರಿಗೆ ಫಾರ್ಮಿಗಿಂತ ವಾಟ್ಸ್ಆ್ಯಪ್‌ಗೆ ಕರೆದುಕೊಂಡು ಹೋಗುವ ಆ್ಯಡ್ ವಾಸಿ. ಕೇಳುವವರೇ ಮೊದಲ ಮೆಸೇಜ್ ಹಾಕುತ್ತಾರೆ. ಗುರುತಿಲ್ಲದ ನಂಬರಿನಿಂದ ಫೋನ್ ಬಂತು ಅನ್ನುವ ಕಿರಿಕಿರಿ ಇಲ್ಲ.

ಹಬ್ಬದ ಪೋಸ್ಟರ್ ಬಿಟ್ಟುಬಿಡಿ. ನಾಗರಪಂಚಮಿ ಶುಭಾಶಯ ನೋಡಿ ಯಾರೂ ಸೈಟು ತಗೊಂಡಿಲ್ಲ.


ಸೈಟು_ಹುಡುಕಿ_ಸುಸ್ತು
ಜೂನ್ 13, ಬೆಳಿಗ್ಗೆ 7:15

ಕೊಳ್ಳುವವರ ಕಡೆಯಿಂದ ಒಂದು ಮಾತು. ಒಂದೂವರೆ ವರ್ಷದಿಂದ ಮೈಸೂರಿನಲ್ಲಿ ಸೈಟು ಹುಡುಕುತ್ತಿದ್ದೇನೆ. ರಾಮಕೃಷ್ಣನಗರದ ಒಂದೇ ಸೈಟನ್ನು ಐದು ಬ್ರೋಕರುಗಳು ಐದು ರೇಟಿಗೆ ಹಾಕಿದ್ದು ನೋಡಿದ್ದೇನೆ. ಫೋಟೋ ಕೂಡ ಅದೇ. ಮೂಲೆಯಲ್ಲಿ ಸುಣ್ಣ ಹಚ್ಚಿದ ಕಲ್ಲು, ಅದರ ಪಕ್ಕ ಮಲಗಿದ ಕೆಂಚು ನಾಯಿ. ಈಗ ಆ ನಾಯಿ ಕಂಡರೆ ಸೈಟಿನ ನಂಬರು ಹೇಳುತ್ತೇನೆ.

ಫೋನ್ ಮಾಡಿದರೆ "ಅದು ನಿನ್ನೆ ತಾನೇ ಹೋಯ್ತು ಸಾರ್, ಪಕ್ಕದಲ್ಲೇ ಇನ್ನೊಂದಿದೆ ಬನ್ನಿ" ಅಂತಾರೆ. ನಿಮ್ಮ ಕ್ಲೈಂಟು ಮಾರಿಹೋದ ಸೈಟನ್ನು ಅವತ್ತೇ "ಮಾರಾಟವಾಗಿದೆ" ಅಂತ ಹಾಕಿದರೆ ಸಾಕು, ನಾನು ಅವರನ್ನೇ ನಂಬುತ್ತೇನೆ. ಅದಕ್ಕೂ ದುಡ್ಡು ತಗೊಂಡು ಸರ್ವೀಸ್ ಅಂತ ಮಾಡಿ.


ಕಾಗದ_ಪತ್ರ
ಜೂನ್ 13, ಬೆಳಿಗ್ಗೆ 10:50

ನಾನು ವಕೀಲರ ಆಫೀಸಿನಲ್ಲಿ ಆಸ್ತಿ ದಾಖಲೆ ನೋಡುವವನು. ಇಲವಾಲದ ಲೇಔಟ್ ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ.

ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಬಂದಿದ್ದು 2016ರಲ್ಲಿ, ಕರ್ನಾಟಕದ ನಿಯಮಗಳು 2017ರಲ್ಲಿ. ಯೋಜನಾ ಪ್ರದೇಶದೊಳಗೆ ಜಾಗ 500 ಚದರ ಮೀಟರ್ ದಾಟಿದ ಲೇಔಟಿಗೆ ರೇರಾ ನೋಂದಣಿ ಆಗಬೇಕು. ನೋಂದಣಿಗೆ ಮೊದಲು ಮಾರುವ ಹಾಗಿಲ್ಲ ಅಷ್ಟೇ ಅಲ್ಲ, ಜಾಹೀರಾತು ಕೊಡುವ ಹಾಗೂ ಇಲ್ಲ. "ಪ್ರೀ ಲಾಂಚ್ ಆಫರ್, ನೋಂದಣಿ ಆಮೇಲೆ ಆಗುತ್ತೆ" ಅಂತ ಇನ್‌ಸ್ಟಾಗ್ರಾಮ್ ಸ್ಟೋರಿ ಹಾಕಿದರೂ ಅದು ಜಾಹೀರಾತೇ. ಲೇಔಟಿನವರ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ರೇರಾ ವೆಬ್‌ಸೈಟಿನ ವಿಳಾಸ ಎರಡೂ ಇರಬೇಕು.

ಇನ್ನೊಂದು, ಅಂಥ ಪ್ರಾಜೆಕ್ಟಿನ ಸೈಟು ಮಾರಿಸಬೇಕಾದರೆ ನಿಮ್ಮ ಕ್ಲೈಂಟಿಗೂ ಏಜೆಂಟ್ ನೋಂದಣಿ ಬೇಕು. ಇಲ್ಲದೆ ಮಾಡಿದರೆ ದಿನಕ್ಕೆ 10,000 ರೂಪಾಯಿವರೆಗೆ ದಂಡ. ಅದು ಬೆಳೆಯುತ್ತಾ ಆ ಸೈಟಿನ ಬೆಲೆಯ ಶೇ. 5ರವರೆಗೂ ಹೋಗಬಹುದು. ಆದ್ದರಿಂದ ಮೊದಲ ದಿನವೇ ಕೇಳಿ: "ಸಾರ್, ನಿಮ್ಮ ರೇರಾ ನಂಬರು ಕೊಡಿ, ಲೇಔಟಿಂದೂ ಕೊಡಿ." ಕೊಡಲಿಲ್ಲವಾ, ಆ ಲೇಔಟಿನ ಕೆಲಸ ಮುಟ್ಟಬೇಡಿ. ಒಬ್ಬರ ಹಳೇ ಸೈಟನ್ನು ಇನ್ನೊಬ್ಬರಿಗೆ ಮಾರುವ ರೀಸೇಲ್ ಬೇರೆ ಮಾತು.


ಸರಸ್ವತಿಪುರಂ_ಹುಡುಗ
ಜೂನ್ 13, ಮಧ್ಯಾಹ್ನ 1:30

ಅಬ್ಬಾ, ಇಷ್ಟೆಲ್ಲ ಇದೆಯಾ. ಎಲ್ಲರಿಗೂ ಥ್ಯಾಂಕ್ಸ್. ಒಂದು ಡೌಟು. ಕ್ಲೈಂಟು ಇನ್ನೊಂದು ಮಾತು ಹೇಳಿದ್ದಾರೆ: "ತಿಂಗಳ ಸಂಬಳ ಬೇಡ, ನಿನ್ನ ಆ್ಯಡಿನಿಂದ ಡೀಲ್ ಆದರೆ ನನ್ನ ಕಮಿಷನ್‌ನಲ್ಲಿ ಕಾಲು ಭಾಗ ನಿನಗೆ." ಒಂದು ಸೈಟು ಹೋದರೂ ನನಗೆ ಮೂರು ತಿಂಗಳ ದುಡ್ಡು ಬರುತ್ತೆ. ಒಪ್ಪಿಕೊಳ್ಳಲಾ?


ಹಳೇ_ಬ್ರೋಕರ್
ಜೂನ್ 13, ಮಧ್ಯಾಹ್ನ 1:42

ಬೇಡ ತಮ್ಮಾ, ಬೇಡ. "ಡೀಲ್ ಏನಾಯ್ತು ಸಾರ್" ಅಂತ ಕೇಳುತ್ತೀಯ. "ಪಾರ್ಟಿ ಹಿಂದೆ ಸರಿದರಪ್ಪ" ಅಂತಾರೆ. ಮೂರು ತಿಂಗಳಾದ ಮೇಲೆ ಆ ಸೈಟಿನಲ್ಲಿ ಪಾಯ ತೋಡುವುದು ಕಾಣುತ್ತದೆ. ಕೇಳಿದರೆ "ಅದು ನಮ್ಮ ಭಾವಮೈದನ ಕಡೆಯಿಂದ ಬಂದ ಪಾರ್ಟಿ, ನಿನ್ನ ಆ್ಯಡಿಂದಲ್ಲ" ಅಂತಾರೆ. ನಾನೇ ಹೀಗೆ ಹೇಳಿದ್ದೇನೆ. ಸುಳ್ಳು ಹೇಳಲಾರೆ.


ಕಾಗದ_ಪತ್ರ
ಜೂನ್ 13, ಮಧ್ಯಾಹ್ನ 2:20

ದುಡ್ಡಿನ ಮಾತು ಅವರು ಹೇಳಿದರು. ನಾನು ಕಾನೂನಿನ ಮಾತು ಸೇರಿಸುತ್ತೇನೆ. ಕಾಯ್ದೆಯಲ್ಲಿ "ಏಜೆಂಟ್" ಅನ್ನುವುದರ ಅರ್ಥ ತುಂಬಾ ಅಗಲ. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸುವವರೂ ಅದರಲ್ಲಿ ಬರುತ್ತಾರೆ. ತಿಂಗಳ ಫೀಸು ತಗೊಂಡು ಜಾಹೀರಾತು ಮಾಡಿಕೊಡುವಷ್ಟು ದಿನ ನೀವು ಜಾಹೀರಾತಿನವರು. ರೇರಾ ಪ್ರಾಜೆಕ್ಟಿನ ಪ್ರತಿ ಸೈಟಿಗೂ ಕಮಿಷನ್ ತಗೊಳ್ಳೋಕೆ ಶುರು ಮಾಡಿದರೆ ನಿಮ್ಮನ್ನೇ ಏಜೆಂಟ್ ಅನ್ನುವುದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ನಿಮ್ಮ ಹತ್ತಿರ ನೋಂದಣಿ ಇದೆಯಾ? ಇಲ್ಲ ತಾನೇ.


ಅಪ್ಪನ_ಆಫೀಸು
ಜೂನ್ 13, ಸಂಜೆ 6:05

ನಮ್ಮಪ್ಪ ಶಿವಮೊಗ್ಗದಲ್ಲಿ ಏಜೆಂಟ್. ಅವರ ಆನ್‌ಲೈನ್ ಕೆಲಸ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ನಾನು ಕ್ಲೈಂಟೂ ಹೌದು, ಕೆಲಸದವಳೂ ಹೌದು.

ನಮಗೆ ಜಾಸ್ತಿ ಫೋನ್ ಬರುವುದು ಗೂಗಲ್ ಬಿಸಿನೆಸ್ ಪ್ರೊಫೈಲಿನಿಂದ (ಗೂಗಲ್ ಹುಡುಕಾಟದಲ್ಲಿ, ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ). ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಮೊದಲು ಒಂದು ಪೆಟ್ಟು ತಿಂದೆವು. ನಮಗೆ ಮಾಡಿಕೊಟ್ಟ ಒಬ್ಬರು ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿನ ಜೊತೆ "ಬೆಸ್ಟ್ ಸೈಟ್ ಮನೆ ಪ್ಲಾಟ್ ಡೀಲರ್ ಶಿವಮೊಗ್ಗ" ಅಂತೆಲ್ಲ ತುರುಕಿದ್ದರು. ಎರಡು ತಿಂಗಳು ಚೆನ್ನಾಗಿತ್ತು. ಒಂದು ದಿನ ಪ್ರೊಫೈಲೇ ಮಾಯ. ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರು ಇರಬೇಕು ಅನ್ನುವುದು ಗೂಗಲ್ ನಿಯಮ. ಮತ್ತೆ ತೆರೆಸೋಕೆ ಬೋರ್ಡು, ಕರೆಂಟ್ ಬಿಲ್ಲು, ಬಾಗಿಲಿನಿಂದ ಒಳಗೆ ಹೋಗುವ ವಿಡಿಯೋ ಎಲ್ಲಾ ಕಳಿಸಿ ಸಾಕಾಯಿತು. ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಕೆಲಸ ಮಾಡುವ ಏರಿಯಾಗಳನ್ನು ಮಾತ್ರ ತೋರಿಸಬಹುದು. ನಿಮ್ಮ ಕ್ಲೈಂಟಿಗೆ ಅದೇ ಸರಿ ಅನಿಸುತ್ತೆ.

ರಿವ್ಯೂ ದುಡ್ಡು ಕೊಟ್ಟು ಬರೆಸಬೇಡಿ. ನೋಂದಣಿ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಯುತ್ತಾ ಕೂತಿರುತ್ತಾರಲ್ಲ, ಆಗ ಕೇಳಿ. ಅಲ್ಲಿ ಯಾರಿಗೂ ಬೇರೆ ಕೆಲಸ ಇರುವುದಿಲ್ಲ. ನಮ್ಮಪ್ಪನ ಹೆಚ್ಚಿನ ರಿವ್ಯೂಗಳೆಲ್ಲ ಆ ಬೆಂಚಿನ ಮೇಲೆ ಹುಟ್ಟಿದವು.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕಿಕೊಡಿ: ಹೊಸಬರು, ಸೈಟು ನೋಡಿದ್ದಾರೆ, ಲೋನಿಗೆ ಕಾಯ್ತಿದ್ದಾರೆ, ಟೋಕನ್ ಆಗಿದೆ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಹಿಡಿಸುತ್ತಾರೆ. ಆದರೆ ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರದಿದ್ದರೆ ಮೆಸೇಜ್ ತಲುಪುವುದೇ ಇಲ್ಲ. ಅದಕ್ಕೇ ಅಪ್ಪ ಸೈಟು ತೋರಿಸಿ ವಾಪಸ್ ಕಳಿಸುವಾಗ "ನನ್ನ ನಂಬರು ಸೇವ್ ಮಾಡ್ಕೊಳಿ, ಇಂಥದ್ದೇ ಬಂದ್ರೆ ಹಾಕ್ತೀನಿ" ಅಂತ ಎದುರಿಗೇ ಮಾಡಿಸುತ್ತಾರೆ.


ಹುಬ್ಬಳ್ಳಿ_ಕಡೆಯವ
ಜೂನ್ 13, ರಾತ್ರಿ 9:12

ನಮಸ್ಕಾರ್ರೀ. ಭಾಷೆ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕ ಬರೆಯುತ್ತಿದ್ದೇನೆ.

ನೀವು ಮೈಸೂರಿನವರು ಸೈಟು ಅಂತೀರಿ. ನಮ್ಮ ಕಡೆ ಪ್ಲಾಟ್ ಅಂತೀವಿ. ಉತ್ತರ ಭಾರತದಿಂದ ಬಂದು ಮೈಸೂರಿನ ಕಂಪನಿಗಳಲ್ಲಿ ಕೆಲಸ ಮಾಡುವವರೂ ಪ್ಲಾಟ್ ಅಂತಲೇ ಹುಡುಕುತ್ತಾರೆ. ಗೂಗಲ್ ಆ್ಯಡಿನಲ್ಲಿ ಎರಡೂ ಪದ ಇರಲಿ. "ರೆಂಟ್", "ಪಿಜಿ", "ಜಾಬ್", "ಲೀಸ್" ಇವನ್ನೆಲ್ಲ ಬೇಡದ ಪದಗಳ ಪಟ್ಟಿಗೆ ಹಾಕಿರಿ. ಇಲ್ಲ ಅಂದರ ಬಾಡಿಗೆ ರೂಮು ಹುಡುಕುವ ಹುಡುಗರ ಕ್ಲಿಕ್ಕಿಗೆಲ್ಲ ನಿಮ್ಮ ಸಾಹುಕಾರರು ದುಡ್ಡು ಕಟ್ಟಬೇಕಾಗುತ್ತದೆ.

ವಿಡಿಯೋ ಮಾತ್ರ ಕನ್ನಡದಾಗ ಮಾಡ್ರಿ. ನಾನು ಧಾರವಾಡದ ಒಬ್ಬರಿಗೆ ಮೊದಲು ಇಂಗ್ಲಿಷಿನಲ್ಲಿ, ಮ್ಯೂಸಿಕ್ ಹಾಕಿ, ಅಕ್ಷರ ಹಾರಿಸಿ ಮಾಡಿಕೊಟ್ಟೆ. ಲೈಕ್ ಬಂದವು, ಫೋನ್ ಬರಲಿಲ್ಲ. ಆಮೇಲೆ ಅವರೇ ಪ್ಲಾಟಿನಲ್ಲಿ ನಿಂತು "ನೋಡ್ರಿ, ಇಲ್ಲಿಂದ ಬಸ್‌ಸ್ಟಾಪಿಗೆ ನಡೆದರ ಆರು ನಿಮಿಷ, ನೀರು ಮೂರು ದಿನಕ್ಕೊಮ್ಮೆ ಬರ್ತದ" ಅಂತ ಹೇಳಿದ್ದನ್ನು ಹಾಗೇ ಹಾಕಿದೆ. ನೀರು ಮೂರು ದಿನಕ್ಕೊಮ್ಮೆ ಅಂತ ಖರೇ ಹೇಳಿದ್ದಕ್ಕ ಜನ ಫೋನ್ ಮಾಡಿದರು ನೋಡ್ರಿ.


ಕ್ಯಾಮೆರಾ_ಕಣ್ಣು
ಜೂನ್ 14, ಬೆಳಿಗ್ಗೆ 8:30

ಖಾಲಿ ಸೈಟಿನ ಫೋಟೋ ತೆಗೆಯುವುದು ಮನೆಯ ಫೋಟೋಗಿಂತ ಕಷ್ಟ. ತೋರಿಸೋಕೆ ಅಲ್ಲಿ ಏನೂ ಇರುವುದಿಲ್ಲ! ಪಾರ್ಥೇನಿಯಂ, ಕಲ್ಲು, ಯಾರೋ ಸುರಿದ ಕಟ್ಟಡದ ಕಸ.

ನಾನು ಮಾಡುವ ರೀತಿ ಹೇಳುತ್ತೇನೆ. ಹಿಂದಿನ ದಿನ ಒಬ್ಬರನ್ನು ಕಳಿಸಿ ಗಿಡ ಸವರಿಸುತ್ತೇನೆ. ನಾಲ್ಕು ಮೂಲೆಗೆ ಸುಣ್ಣದ ಗೆರೆ ಎಳೆಸುತ್ತೇನೆ. ಸುಣ್ಣದ ಗೆರೆ ಬಿದ್ದ ಕೂಡಲೇ 30-40 ಅನ್ನುವುದು ಕಣ್ಣಿಗೆ ಕಾಣುತ್ತದೆ. ಅಲ್ಲಿಯವರೆಗೆ ಅದು ಬರೀ ಬಯಲು. ಸೈಟಿನ ಒಳಗೆ ನಿಂತು ರಸ್ತೆಯ ಕಡೆ ಒಂದು ಫೋಟೋ, ರಸ್ತೆಯಿಂದ ಸೈಟಿನ ಕಡೆ ಒಂದು, ಎಡ ಬಲದ ಮನೆಗಳು, ರಸ್ತೆಯ ಅಗಲ ಗೊತ್ತಾಗುವ ಹಾಗೆ ಒಂದು ಕಾರು ನಿಲ್ಲಿಸಿ ಒಂದು. ಮುಖ್ಯ ರಸ್ತೆಯಿಂದ ಸೈಟಿನವರೆಗೆ ಸ್ಕೂಟರಿನಲ್ಲಿ ಕೂತು ಒಂದೇ ಶಾಟಿನ ವಿಡಿಯೋ. ಕಟ್ ಮಾಡಬಾರದು. ಕಟ್ ಮಾಡಿದರೆ ಮಧ್ಯದಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅಂತ ಜನಕ್ಕೆ ಅನುಮಾನ ಬರುತ್ತೆ. ಹೆಚ್ಚಿನ ಸಲ ಮುಚ್ಚಿಟ್ಟಿರುತ್ತಾರೆ ಕೂಡ, ಸಾಮಾನ್ಯವಾಗಿ ಮೋರಿಯನ್ನು.

ಡ್ರೋನ್ ಎಲ್ಲಾ ಸೈಟಿಗೂ ಬೇಡ. ಲೇಔಟಿಗೆ, ಜಮೀನಿಗೆ ಸರಿ. 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಲೈಸೆನ್ಸ್ ಬೇಡ ಅಂತ 2021ರ ನಿಯಮ ಹೇಳುತ್ತದೆ. ಆದರೆ ಮಂಡಕಳ್ಳಿ ವಿಮಾನ ನಿಲ್ದಾಣ ಶ್ರೀರಾಂಪುರದಿಂದ ದೂರವೇನಲ್ಲ. ಹಾರಿಸುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಿಕೊಳ್ಳಿ.


ದುಬೈ_ಕನ್ನಡಿಗ
ಜೂನ್ 14, ರಾತ್ರಿ 11:55

ನಾನು ಹೊರಗಿದ್ದುಕೊಂಡು ಮೈಸೂರಿನಲ್ಲಿ ಜಾಗ ಹುಡುಕುವವನು. ನನ್ನಂಥವರು ಸಾಕಷ್ಟು ಜನ ಇದ್ದೇವೆ. ಕೊನೆಗೊಂದು ದಿನ ಬಂದು ಸೇರಿಕೊಳ್ಳೋಣ ಅಂತ ಮೈಸೂರೇ ಬೇಕು ನಮಗೆ.

ದಿನಾ ಫೇಸ್‌ಬುಕ್‌ನಲ್ಲಿ "ಎನ್‌ಆರ್‌ಐಗಳಿಗೆ ಸುವರ್ಣಾವಕಾಶ, ಒಂದು ಎಕರೆ ಫಾರ್ಮ್ ಲ್ಯಾಂಡ್" ಅಂತ ಆ್ಯಡ್ ಬರುತ್ತದೆ. ಸ್ವಾಮಿ, ಎನ್‌ಆರ್‌ಐ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗೇ ಇಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನು ಅದು. 2020ರಲ್ಲಿ ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದ್ದು ಊರಲ್ಲಿರುವವರಿಗೆ. ನಮಗೆ ಫೆಮಾ ಹಾಗೇ ಇದೆ. ಇಂಥ ಆ್ಯಡ್ ಹಾಕಿದವರ ಮೇಲೆ ನನಗೆ ಅಲ್ಲಿಗೇ ನಂಬಿಕೆ ಹೋಯಿತು.

ನನಗೆ ಬೇಕಾದ್ದು ಸರಳ. ಸೈಟು ಮುಡಾದ್ದಾ (ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರ), ಸೊಸೈಟಿಯದ್ದಾ, ಖಾಸಗಿ ಲೇಔಟಾ, ರೆವಿನ್ಯೂ ಸೈಟಾ (ಅನುಮತಿ ಇಲ್ಲದೆ ಜಮೀನಿನಲ್ಲಿ ಮಾಡಿದ್ದು)? ಖಾತೆ ಯಾರ ಹೆಸರಲ್ಲಿದೆ? ಇ-ಖಾತೆ ಆಗಿದೆಯಾ? ಇಸಿ (ಋಣಭಾರ ಪತ್ರ) ಎಷ್ಟು ವರ್ಷದ್ದು ಇದೆ? ಈ ನಾಲ್ಕು ಸಾಲು ಲಿಸ್ಟಿಂಗಿನಲ್ಲೇ ಬರೆದ ಒಬ್ಬ ಬ್ರೋಕರನ್ನೂ ನಾನು ಇನ್ನೂ ಕಂಡಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಇಸಿ ನಾನೇ ತೆಗೆದುಕೊಳ್ಳಬಲ್ಲೆ, ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರೂ ನೋಡಬಲ್ಲೆ. ಆದರೆ ಯಾವ ಸೈಟು ಅಂತಲೇ ಹೇಳದೆ "ಡೀಟೇಲ್ಸ್‌ಗೆ ಕಾಲ್ ಮಾಡಿ" ಅಂದರೆ, ನಾನು ಆಫೀಸು ಮುಗಿಸಿ ಕಾಲ್ ಮಾಡುವ ಹೊತ್ತಿಗೆ ಅಲ್ಲಿ ರಾತ್ರಿ ಹನ್ನೊಂದು.


ಹಳೇ_ಬ್ರೋಕರ್
ಜೂನ್ 15, ಬೆಳಿಗ್ಗೆ 6:50

ದುಬೈ ಸಾರ್, ಸೈಟ್ ನಂಬರು ಹಾಕಲ್ಲ ಅಂದರೆ ಕಾರಣ ಇದೆ. ಹಾಕಿದರೆ ನೀವು ನೇರವಾಗಿ ಓನರ್ ಹತ್ತಿರ ಹೋಗುತ್ತೀರಿ, ಇನ್ನು ನಾಲ್ಕು ಬ್ರೋಕರುಗಳೂ ಹೋಗುತ್ತಾರೆ. ನಮ್ಮ ಕಮಿಷನ್ ಗಾಳಿಗೆ. ಹೆಸರಿನಲ್ಲೇ ಬ್ರೋಕರ್ ಬೇಡ ಅಂತ ಬರೆದುಕೊಂಡ ಆ್ಯಪ್ ಬೆಂಗಳೂರಿನಲ್ಲೇ ಹುಟ್ಟಿ ದೊಡ್ಡದಾಗಿದೆ. ನಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ.


ದುಬೈ_ಕನ್ನಡಿಗ
ಜೂನ್ 15, ಬೆಳಿಗ್ಗೆ 9:20

ಸೈಟ್ ನಂಬರು ಬೇಡ ಸಾರ್. ಖಾತೆ ಯಾವ ತರಹದ್ದು ಅಂತ ಹೇಳೋಕೆ ಏನು ಕಷ್ಟ? ಅದು ಹೇಳಿದರೆ ಓನರ್ ಮನೆ ಸಿಗಲ್ಲ.


ಹಳೇ_ಬ್ರೋಕರ್
ಜೂನ್ 15, ಬೆಳಿಗ್ಗೆ 9:31

ಅದು ಒಪ್ಪಿದೆ.


ಕ್ಲಿಕ್_ಲೆಕ್ಕ
ಜೂನ್ 15, ಬೆಳಿಗ್ಗೆ 11:15

ಈ ಜಗಳದಲ್ಲೇ ಒಂದು ಸರ್ವೀಸ್ ಸಿಕ್ಕಿತು ನೋಡಿ. ಪ್ರತಿ ಸೈಟಿಗೂ ಒಂದು "ಜಾತಕ" ಮಾಡಿಕೊಡಿ. ಅಳತೆ, ದಿಕ್ಕು, ರಸ್ತೆ ಎಷ್ಟು ಅಡಿ, ಯಾವ ಪ್ರಾಧಿಕಾರದ್ದು, ಖಾತೆ, ಇಸಿ, ಕಂದಾಯ ಯಾವ ವರ್ಷದವರೆಗೆ ಕಟ್ಟಿದೆ, ಬ್ಯಾಂಕ್ ಲೋನ್ ಸಿಗುತ್ತದಾ, ಎರಡು ನಿಮಿಷದ ಆ ಸ್ಕೂಟರ್ ವಿಡಿಯೋ. ಸೈಟ್ ನಂಬರು, ಓನರ್ ಹೆಸರು ಬೇಡ. ಇದನ್ನೇ ವಾಟ್ಸ್ಆ್ಯಪ್ ಕ್ಯಾಟಲಾಗಿಗೆ ಹಾಕಿ, ಇದನ್ನೇ ಸೈಟು, ಮನೆ ಲಿಸ್ಟಿಂಗಿನ ಪೋರ್ಟಲ್ಲಿಗೆ ಹಾಕಿ. ಹುಡುಗನಿಗೆ ಒಂದು ಫಾರ್ಮ್ ಕೊಟ್ಟುಬಿಡಿ, ಸೈಟಿಗೆ ಹೋದಾಗ ತುಂಬಿಕೊಂಡು ಬರಲಿ.

ಹೊರದೇಶದವರಿಗೆ ಅಂತ ಗೂಗಲ್ ಆ್ಯಡ್ ಮಾಡುವುದಾದರೆ ಲೊಕೇಶನ್ ಸೆಟ್ಟಿಂಗ್ ಹುಷಾರು. ಅದು ಮೊದಲಿಂದಲೇ "ಪ್ರೆಸೆನ್ಸ್ ಆರ್ ಇಂಟರೆಸ್ಟ್" ಅಂತ ಇರುತ್ತದೆ. ಅಂದರೆ ನೀವು ಮೈಸೂರು ಅಂತ ಆರಿಸಿದರೆ ಮೈಸೂರಿನಲ್ಲಿ ಇರುವವರಿಗೂ ಕಾಣುತ್ತದೆ, ಎಲ್ಲೋ ಕೂತು ಮೈಸೂರಿನ ಬಗ್ಗೆ ಹುಡುಕುವವರಿಗೂ ಕಾಣುತ್ತದೆ. ಬೇಕರಿಗೆ ಇದು ದುಡ್ಡು ದಂಡ, ಸೈಟಿಗೆ ಲಾಭವೂ ಆಗಬಹುದು. ಊರಿನವರಿಗೆ ಒಂದು, ಹೊರಗಿನವರಿಗೆ ಒಂದು ಅಂತ ಬೇರೆ ಬೇರೆ ಕ್ಯಾಂಪೇನ್ ಮಾಡಿ ನೋಡಿ. ಆ್ಯಡಿನ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಬರುತ್ತದೆ ಅಂತಲೂ ಮೊದಲೇ ಹೇಳಿಬಿಡಿ. 10,000ದ ಆ್ಯಡು ಅಂದರೆ 11,800 ಕೈಬಿಡುತ್ತದೆ. ಆಮೇಲೆ ಜಗಳ ಬೇಡ.

ಇನ್ನೊಂದು ಮಾತು ಮರೆತಿದ್ದೆ. "ಮೈಸೂರಿನ 50,000 ಶ್ರೀಮಂತರ ನಂಬರು" ಅಂತ ಎಕ್ಸೆಲ್ ಮಾರುವವರು ಬಂದೇ ಬರುತ್ತಾರೆ. ಕೊಳ್ಳಬೇಡಿ. ಡಿಎನ್‌ಡಿ (ಜಾಹೀರಾತಿನ ಕರೆ ಬೇಡ ಅಂತ) ಹಾಕಿಕೊಂಡವರಿಗೆ ಫೋನ್ ಮಾಡಿದರೆ ದೂರು ಹೋಗುತ್ತದೆ. ಮೊದಲ ದಿನವೇ ನಂಬರಿಗೆ ಸ್ಪ್ಯಾಮ್ ಅಂತ ಕೆಂಪು ಬಣ್ಣ ಬಿದ್ದರೆ ಹದಿನೆಂಟು ವರ್ಷದ ಹಳೇ ನಂಬರು ಹಾಳು.


ಸರಸ್ವತಿಪುರಂ_ಹುಡುಗ
ಜೂನ್ 15, ಮಧ್ಯಾಹ್ನ 3:40

ಹಾಗಾದರೆ ವೆಬ್‌ಸೈಟು ಬೇಡವೇ ಬೇಡವಾ? ಅವರಿಗೆ ಅದರ ಮೇಲೇ ಆಸೆ. "ಕಾರ್ಡಿನಲ್ಲಿ ಹಾಕ್ಸೋಕಾದ್ರೂ ಬೇಕಲ್ಲಪ್ಪ" ಅಂತಾರೆ.


ಅಪ್ಪನ_ಆಫೀಸು
ಜೂನ್ 15, ಸಂಜೆ 5:25

ಬೇಡ ಅಂತಲ್ಲ. ಒಂದೇ ಪುಟ ಸಾಕು. ಆದರೆ "ಮೈಸೂರಿನಲ್ಲಿ ಸೈಟು" ಅಂತ ಹುಡುಕಿದರೆ ಮೇಲೆ ಬರುವವರು 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್ ಅಂಥವರು. ಅವರನ್ನು ದಾಟಿಸಿ ಮೇಲೆ ತರುತ್ತೇನೆ ಅಂತ ಎಸ್‌ಇಒ ಮಾರಬೇಡಿ, ಮಾತು ಉಳಿಯಲ್ಲ. ಬಡಾವಣೆಗೊಂದು ಬರಹ ಹಾಕಿ. ದಟ್ಟಗಳ್ಳಿಯ ಯಾವ ಬ್ಲಾಕಿನಲ್ಲಿ ಕಾವೇರಿ ನೀರು ಹೇಗೆ ಬರುತ್ತದೆ, ಎಲ್ಲಿ ಹೈಟೆನ್ಷನ್ ಲೈನ್ ಹೋಗಿದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ. ಇದು ನಿಮ್ಮ ಕ್ಲೈಂಟಿನ ತಲೆಯಲ್ಲಿದೆ, ದೊಡ್ಡ ಪೋರ್ಟಲ್ಲಿನಲ್ಲಿ ಇಲ್ಲ. ಅವರ ಜೊತೆ ಒಂದು ಗಂಟೆ ಸ್ಕೂಟರಿನಲ್ಲಿ ಸುತ್ತಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಮೂರು ತಿಂಗಳಿಗೆ ಆಗುವಷ್ಟು ಸರಕು ಸಿಗುತ್ತದೆ.

ಡೊಮೇನು, ಆ್ಯಡ್ ಅಕೌಂಟು, ಗೂಗಲ್ ಪ್ರೊಫೈಲು ಎಲ್ಲವನ್ನೂ ಅವರ ಹೆಸರಿನಲ್ಲಿ, ಅವರ ಜಿಮೇಲ್‌ನಲ್ಲಿ, ಅವರ ಕಾರ್ಡಿನಲ್ಲಿ ಮಾಡಿ. ನಮ್ಮ ಮೊದಲ ಡೊಮೇನ್ ಮಾಡಿಕೊಟ್ಟವರ ಹೆಸರಿನಲ್ಲಿತ್ತು. ಅವರು ಫೋನ್ ಎತ್ತುವುದು ಬಿಟ್ಟರು. ಅಪ್ಪನ ವಿಸಿಟಿಂಗ್ ಕಾರ್ಡು ಒಂದು ಸಾವಿರ ಅಚ್ಚಾಗಿತ್ತು. ಈಗಲೂ ಅಮ್ಮ ಅದರ ಹಿಂದೆ ದಿನಸಿ ಚೀಟಿ ಬರೆಯುತ್ತಾರೆ.


ಹುಬ್ಬಳ್ಳಿ_ಕಡೆಯವ
ಜೂನ್ 15, ರಾತ್ರಿ 8:44

ಒಂದು ಸಾವಿರ ದಿನಸಿ ಚೀಟಿ ಅಂದರ ಬಾಳ ವರ್ಷ ಬರ್ತದ ಬಿಡ್ರಿ.


ಸೈಟು_ಹುಡುಕಿ_ಸುಸ್ತು
ಜೂನ್ 16, ಬೆಳಿಗ್ಗೆ 7:02

ಮಳೆ ನೀರು ಎಲ್ಲಿ ನಿಲ್ಲುತ್ತೆ ಅಂತ ಬರೆಯುವ ಬ್ರೋಕರ್ ಸಿಕ್ಕರೆ ನನಗೆ ಲಿಂಕ್ ಕಳಿಸಿ. ಎರಡು ಪರ್ಸೆಂಟ್ ಕೇಳಿದರೂ ಚೌಕಾಸಿ ಮಾಡಲ್ಲ.


ಸರಸ್ವತಿಪುರಂ_ಹುಡುಗ
ಜುಲೈ 3, ರಾತ್ರಿ 10:15

ತಡವಾಯಿತು, ಕ್ಷಮಿಸಿ. ಏನಾಯಿತು ಅಂತ ಹೇಳುತ್ತೇನೆ.

ಇಲವಾಲದ ಲೇಔಟಿನ ರೇರಾ ನಂಬರು ಕೇಳಿದೆ. "ಪ್ರೋಸೆಸ್‌ನಲ್ಲಿದೆ" ಅಂದರು ಅವರು. ಕಾಗದ_ಪತ್ರ ಅಣ್ಣ ಬರೆದದ್ದನ್ನು ನನ್ನ ಕ್ಲೈಂಟಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಬರು ಬಂದ ಮೇಲೆ ನೋಡೋಣ, ಅಷ್ಟರಲ್ಲಿ ನಂದೂ ಏಜೆಂಟ್ ನೋಂದಣಿ ಮಾಡಿಸಿಬಿಡು" ಅಂದರು. ಅದು ನನ್ನ ಕೆಲಸ ಅಲ್ಲ ಅಂದೆ. ವಕೀಲರ ಹತ್ತಿರ ಕಳಿಸಿದೆ.

ಕಾಲು ಭಾಗ ಕಮಿಷನ್ ಬೇಡ ಅಂದೆ. ತಿಂಗಳಿಗೆ 14,000 ನನಗೆ. 8,000 ಆ್ಯಡಿಗೆ, ಜಿಎಸ್‌ಟಿ ಸೇರಿ 9,440, ಅವರ ಕಾರ್ಡಿನಿಂದಲೇ. ಉಳಿದದ್ದು ಗಿಡ ಸವರುವವರಿಗೆ, ಸುಣ್ಣಕ್ಕೆ. ಪೋಸ್ಟರಿಲ್ಲ, ಹಬ್ಬವಿಲ್ಲ. ಸೈಟಿನ ಜಾತಕ, ಗೂಗಲ್ ಪ್ರೊಫೈಲು, ವಾಟ್ಸ್ಆ್ಯಪ್ ಲೇಬಲ್ಲು, ವಾರಕ್ಕೆ ಎರಡು ಸ್ಕೂಟರ್ ವಿಡಿಯೋ, ಬಡಾವಣೆ ಬರಹ ಒಂದು. ಬಂದ ಮೆಸೇಜಿಗೆ ಅರ್ಧ ಗಂಟೆಯೊಳಗೆ ಉತ್ತರ ಹೋಗಬೇಕು ಅಂತ ಹುಡುಗನಿಗೆ ಇನ್ನೊಂದು ಫೋನ್ ಕೊಡಿಸಿದ್ದೇವೆ. ಮಧ್ಯಾಹ್ನ ಎರಡರಿಂದ ನಾಲ್ಕು ಯಜಮಾನರು ಮಲಗುತ್ತಾರೆ. ಆ ಹೊತ್ತಿನ ಫೋನೂ ಅವನೇ ಎತ್ತಬೇಕು.

ಫೋನಿನ ಕಾಂಟ್ಯಾಕ್ಟ್ಸ್ ನೋಡಿದೆ. ಹಳೇ_ಬ್ರೋಕರ್ ಸಾರ್, ನೀವು ಹೇಳಿದ ಹಾಗೇ ಇದೆ. "ಬೋರ್‌ವೆಲ್ ಅಂಕಲ್", "ಅಮೆರಿಕಾ ತಮ್ಮ", "ವಾಸ್ತು ಜಗಳ". ಜೊತೆಗೆ ಕಪಾಟಿನಿಂದ ಹನ್ನೊಂದು ಡೈರಿ ತೆಗೆದು ಕೊಟ್ಟರು. ಒಂದರಲ್ಲಿ 2011ರಲ್ಲಿ ಬೋಗಾದಿಯಲ್ಲಿ ಸೈಟು ಕೊಂಡ ಒಬ್ಬರ ನಂಬರು ಇತ್ತು. ಸುಮ್ನೆ ಅಲ್ಲೇ ಕೂತು ಫೋನ್ ಮಾಡಿಸಿದೆ. ಆ ಕಡೆಯವರು "ಎಷ್ಟು ವರ್ಷ ಆಯ್ತು ಮಾರಾಯ್ರೇ, ಮಾರಬೇಕು ಅಂತಲೇ ಯೋಚನೆ ಮಾಡ್ತಿದ್ದೆ" ಅಂದರು. ಯಜಮಾನರು ನನ್ನ ಮುಖ ನೋಡಿದರು. ಅಮ್ಮಾವ್ರು ಎರಡನೇ ಕಾಫಿ ಕೊಟ್ಟರು.

ಆದರೆ ಅಗ್ರಿಮೆಂಟಿಗೆ ಇನ್ನೂ ಸೈನ್ ಹಾಕಿಲ್ಲ. "ಆಷಾಢ ಕಣಪ್ಪ, ಶ್ರಾವಣ ಬರಲಿ" ಅಂತಾರೆ.


ಹಳೇ_ಬ್ರೋಕರ್
ಜುಲೈ 3, ರಾತ್ರಿ 10:32

ಆಷಾಢದಲ್ಲಿ ಯಾರೂ ಟೋಕನ್ ಕೊಡಲ್ಲ, ಸೈಟು ನೋಡೋಕೆ ಮಾತ್ರ ಬರ್ತಾರೆ. ಡೈರಿ ಟೈಪ್ ಮಾಡೋಕೆ ಇದಕ್ಕಿಂತ ಒಳ್ಳೆ ತಿಂಗಳು ಸಿಗಲ್ಲ ತಮ್ಮಾ. ಅಡ್ವಾನ್ಸ್ ಇಸ್ಕೊಂಡ್ಯಾ?


ಸರಸ್ವತಿಪುರಂ_ಹುಡುಗ
ಜುಲೈ 3, ರಾತ್ರಿ 10:36

ಐದು ಸಾವಿರ ಕೊಟ್ಟರು. ಒಂದು ರೂಪಾಯಿ ಸೇರಿಸಿ.